ಮೂರನೇ ಪ್ರೆಸ್ಸಿನ ಜಾಗ

ಪೂಜಿತಾ ಮೊಬೈಲಿನಲ್ಲಿ ತೋರಿಸಿದ ವಿಡಿಯೋದೊಳಗೆ ಮಲ್ಲಿಕಾ ಮೊದಲು ಗುರುತು ಹಿಡಿದದ್ದು ಛಾವಣಿಯನ್ನು. ಗರಗಸದ ಹಲ್ಲಿನ ಹಾಗೆ ಏರಿಳಿಯುವ ಛಾವಣಿ, ಪ್ರತಿ ಹಲ್ಲಿಗೂ ಒಂದು ಕಡೆ ಗಾಜು. ಅದರ ಕೆಳಗೆ ಕೆಂಪು ಬೆಳಕು, ಹೊಗೆ, ಕೈ ಮೇಲೆತ್ತಿ ಕುಣಿಯುವ ಹುಡುಗ ಹುಡುಗಿಯರು. ಗೋಡೆಗಳಿಗೆಲ್ಲ ಕಪ್ಪು ಬಣ್ಣ ಬಳಿದಿದ್ದರು. ಆದರೂ ಅಡ್ಡಲಾಗಿ ಹಾದುಹೋದ ಆ ಕಬ್ಬಿಣದ ತೊಲೆ, ಅದರ ನಡುವೆ ಜೋತುಬಿದ್ದ ಕೊಕ್ಕೆ, ಅವನ್ನು ಮರೆಯುವುದು ಹೇಗೆ? ಅವಳ ಹರೆಯವೆಲ್ಲ ಆ ಕೊಕ್ಕೆಯ ಕೆಳಗೇ ಕಳೆದಿತ್ತು.

ಇದು ಎಲ್ಲಿಯದು ಎಂದು ಕೇಳಿದಳು. ರಬಾಳೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಮುಚ್ಚಿಹೋದ ಯಾವುದೋ ಕಂಪನಿಯಲ್ಲಿ ಹೊಸ ಕ್ಲಬ್ ತೆರೆದಿದ್ದಾರೆ ಎಂದು ಪೂಜಿತಾ ಹಿಂದಿಯಲ್ಲಿ ಹೇಳಿದಳು. ಶನಿವಾರ ಗೆಳತಿ ದಿಶಾಳ ಹುಟ್ಟುಹಬ್ಬ, ಆಫೀಸಿನ ಗುಂಪೆಲ್ಲ ಅಲ್ಲಿಗೇ ಹೋಗುವುದಂತೆ. ಟೆಕ್ನೋ ಅಂತೆ. ಅದರಲ್ಲಿ ಹಾಡಿಲ್ಲ, ಮಾತಿಲ್ಲ, ಬರೀ ಬಡಿತ. ಬೆಳಗಿನ ತನಕ ಬಡಿಯುತ್ತಲೇ ಇರುತ್ತದಂತೆ.

“ನೀ ಅಲ್ಲಿಗೆ ಹೋಗೂದು ಬ್ಯಾಡ,” ಎಂದಳು ಮಲ್ಲಿಕಾ.

ಯಾಕೆ ಎಂದು ಪೂಜಿತಾ ಕೇಳಿದಳು. ಅದರ ಉತ್ತರವನ್ನು ಮಲ್ಲಿಕಾ ಇಪ್ಪತ್ತು ವರ್ಷಕ್ಕೂ ಮೇಲೆ ನುಂಗಿಕೊಂಡು ಬಂದಿದ್ದಳು.

ಸಿಂದಗಿ ಕಡೆಯ ಹಳ್ಳಿಯಿಂದ ಮದುವೆಯಾದ ವರ್ಷವೇ ಮಲ್ಲಿಕಾ ಗಂಡ ಮಾಪಣ್ಣನ ಹಿಂದೆ ಠಾಣೆ ಹತ್ತಿರದ ಘಣಸೋಲಿಗೆ ಬಂದವಳು. ಮಾಪಣ್ಣ ತುರ್ಭೆಯ ತರಕಾರಿ ಮಾರ್ಕೆಟ್ಟಿನಲ್ಲಿ ಹಮಾಲ. ರಾತ್ರಿ ಲಾರಿಗಳು ಬಂದಾಗ ಅವನ ಕೆಲಸ, ಹಗಲು ನಿದ್ದೆ. ಇದ್ದ ಒಂದೇ ಖೋಲಿಯಲ್ಲಿ ಮಲಗಿದ ಗಂಡನಿಗೆ ಎಚ್ಚರವಾಗದ ಹಾಗೆ ಪಾತ್ರೆ ಎತ್ತಿಟ್ಟು ಎತ್ತಿಟ್ಟು ಅವಳಿಗೆ ಸಾಕಾಗಿಹೋಗಿತ್ತು. ಒಂದು ದಿನ ಪಕ್ಕದ ಖೋಲಿಯ ಮಾನಮ್ಮನ ಜೊತೆ ಅವಳ ಕಂಪನಿ ನೋಡಲು ಹೋದವಳು ಅಲ್ಲೇ ಕೆಲಸಕ್ಕೆ ಸೇರಿಕೊಂಡಳು. ಬಣ್ಣದ ಡಬ್ಬಿಗಳಿಗೆ ತಗಡಿನ ಮುಚ್ಚಳ ಮಾಡುವ ಕಂಪನಿ. ಒಂದು ಸಾಲಿನಲ್ಲಿ ಪವರ್ ಪ್ರೆಸ್ಸುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ತಗಡು ಇಟ್ಟು ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಧಡ್ ಎಂದು ಇಳಿದು ಏಳುತ್ತಿತ್ತು. ಕೈ ಹಾಕಿ ಮುಚ್ಚಳ ತೆಗೆಯಬೇಕು, ಮತ್ತೆ ತಗಡು ಇಡಬೇಕು. ಮಾತಾಡಬೇಕಾದರೆ ಕಿರುಚಬೇಕು. ಹೀಗಾಗಿ ಅಲ್ಲಿಯ ಹೆಂಗಸರೆಲ್ಲ ಕಣ್ಣು ಹುಬ್ಬಿನಲ್ಲೇ ಮಾತಾಡುತ್ತಿದ್ದರು.

ಮಾನಮ್ಮ ರಾಯಚೂರಿನ ಲಿಂಗಸುಗೂರು ಕಡೆಯವಳು. ಎತ್ತರದ ಹೆಂಗಸು, ಬಾಯಿ ಜೋರು, ಮೊಣಕಾಲು ಮುಟ್ಟುವ ಕೂದಲು. ಅವಳಿಗೆ ಕುಣಿಯುವ ಹುಚ್ಚು. ಯಾರ ಮದುವೆಯ ಮೆರವಣಿಗೆಯಾದರೂ ಸರಿ, ಗಲ್ಲಿಗೆ ಬಂದಿತೆಂದರೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಹೋಗಿ ಕುಣಿದು ಬರುತ್ತಿದ್ದಳು. ಮದುಮಗನ ಕಡೆಯವರು ಇವಳು ಹೆಣ್ಣಿನ ಕಡೆಯವಳು ಅಂದುಕೊಳ್ಳುವರು, ಹೆಣ್ಣಿನ ಕಡೆಯವರು ಇವಳು ಗಂಡಿನ ಕಡೆಯವಳು ಅಂದುಕೊಳ್ಳುವರು. ಊಟ ಮಾತ್ರ ಮುಟ್ಟದೆ ಬರುವಳು. ಗಂಡ ಬೈದರೆ, ಕೇಳಿಸಿಕೊಳ್ಳುವವಳೇ ಅಲ್ಲ.

ಅವಳ ಮಗಳು ಪೂಜಿತಾಳಿಗೆ ನಾಲ್ಕು ವರ್ಷವಿದ್ದಾಗ, ಒಂದು ಮಧ್ಯಾಹ್ನ, ಮೂರನೇ ಪ್ರೆಸ್ಸನ್ನು ತಿರುಗಿಸುವ ಪಟ್ಟಾ ಮಾನಮ್ಮನ ಕೂದಲನ್ನು ಎಳೆದುಕೊಂಡಿತು. ಪಟ್ಟಾದ ಮೇಲಿನ ಜಾಳಿಗೆಯನ್ನು ಯಾರೋ ರಿಪೇರಿಗೆಂದು ತೆಗೆದವರು ಮತ್ತೆ ಹಾಕಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದಿದ್ದ ಮಾನಮ್ಮ ಆರಲಿ ಎಂದು ಕೂದಲನ್ನು ಸಡಿಲ ಬಿಟ್ಟಿದ್ದಳು. ಪಕ್ಕದ ಪ್ರೆಸ್ಸಿನಲ್ಲಿ ಕುಳಿತಿದ್ದ ಮಲ್ಲಿಕಾ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಆ ಪ್ರೆಸ್ಸಿನ ಮುಂದೆ ಕೂರಲು ಯಾರೂ ಒಪ್ಪಲಿಲ್ಲ. ಒತ್ತಾಯಕ್ಕೆ ಕುಳಿತವರು ಎದ್ದು ಬಂದರು. ಪೆಡಲ್ ಒತ್ತುವ ಮೊದಲೇ ಅದು ಇಳಿಯುತ್ತದೆ ಎಂದಳೊಬ್ಬಳು. ಬೆನ್ನ ಹಿಂದೆ ನಿಂತು ಯಾರೋ ಜಡೆ ಹಿಡಿಯುತ್ತಾರೆ ಎಂದಳು ಇನ್ನೊಬ್ಬಳು. ಕೊನೆಗೆ ಮಲ್ಲಿಕಾಳೇ ಹೋಗಿ ಕುಳಿತಳು. ಕಂಪನಿ ಮುಚ್ಚುವವರೆಗೂ ಅಲ್ಲೇ ಕುಳಿತಳು. ಅವಳಿಗೇನೂ ಆಗಲಿಲ್ಲ. ಎಂದಾದರೂ ತುರುಬು ಸಡಿಲಾದರೆ ಮಾತ್ರ ತಲೆಯ ಮೇಲೆ ಯಾರೋ ಕೈಯಿಟ್ಟಂತಾಗುತ್ತಿತ್ತು. ಆಗ ಅವಳು ಯಂತ್ರ ನಿಲ್ಲಿಸಿ ತುರುಬು ಬಿಗಿದುಕೊಂಡು ಮತ್ತೆ ಶುರು ಮಾಡುತ್ತಿದ್ದಳು. ಈ ಸಂಗತಿಯನ್ನು ಮಾಪಣ್ಣನಿಗೂ ಹೇಳಿರಲಿಲ್ಲ.

ಪೂಜಿತಾಳ ಅಪ್ಪ ಊರಲ್ಲಿ ತಿಥಿ ಮುಗಿಸಿ ಬರುತ್ತೇನೆಂದು ಹೋದವನು ಬರಲೇ ಇಲ್ಲ. ಮಲ್ಲಿಕಾ ಮಾಪಣ್ಣರಿಗೆ ಮಕ್ಕಳಾಗಿರಲಿಲ್ಲ. ಹುಡುಗಿ ಅವರಲ್ಲೇ ಉಳಿದಳು. ಮೊದಲಿನಿಂದ ಕರೆಯುತ್ತಿದ್ದಂತೆ ಮಲ್ಲಿಕಾಳನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಮೌಶಿ ಎಂದೇ ಕರೆದಳು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕನ್ನಡ ಮಾತಾಡಿದರೂ ಅವಳ ಉತ್ತರ ಮಾತ್ರ ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ. ಅವ್ವನಿಗೆ ಏನಾಗಿತ್ತು ಎಂದು ಒಮ್ಮೆ ಕೇಳಿದಾಗ ಜ್ವರ ಬಂದಿತ್ತು ಎಂದು ಮಲ್ಲಿಕಾ ಹೇಳಿಬಿಟ್ಟಿದ್ದಳು. ದೊಡ್ಡವಳಾದ ಮೇಲೆ ನಿಜ ಹೇಳಿದರಾಯಿತು ಅಂದುಕೊಂಡಿದ್ದು ಹಾಗೇ ಉಳಿದುಹೋಯಿತು. ಈಗ ಹುಡುಗಿ ಐರೋಲಿಯ ಆಫೀಸಿಗೆ ಹೋಗಿ ಬರುವ ದೊಡ್ಡವಳು. ಬೇಡ ಎಂದರೆ ನಿಲ್ಲುವ ವಯಸ್ಸು ದಾಟಿತ್ತು.

ಆದ್ದರಿಂದ ಮಲ್ಲಿಕಾ ತಾನೂ ಬರುತ್ತೇನೆ ಎಂದಳು. ಪೂಜಿತಾ ಬಿದ್ದು ಬಿದ್ದು ನಕ್ಕಳು. ಫೋನಿನಲ್ಲಿದ್ದ ದಿಶಾ ನಗಲಿಲ್ಲ. ಠಾಣೆಯ ವರ್ತಕ ನಗರದ ಹುಡುಗಿ ಅವಳು, ಮಲ್ಲಿಕಾ ಮಾಡುವ ಎಣ್ಣೆಗಾಯಿ ತಿನ್ನಲೆಂದೇ ಅಷ್ಟು ದೂರದಿಂದ ಬರುತ್ತಿದ್ದವಳು. ಮೌಶಿ ಬಂದರೆ ತನಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಡ ಎಂದುಬಿಟ್ಟಳು.

ಶನಿವಾರ ಮಾಪಣ್ಣ ಮಾರ್ಕೆಟ್ಟಿಗೆ ಹೋದ ಮೇಲೆ ಇಬ್ಬರೂ ಹೊರಟರು. ಮಲ್ಲಿಕಾ ನೀಲಿ ಪಂಜಾಬಿ ಡ್ರೆಸ್ ಹಾಕಿದ್ದಳು. ಪೂಜಿತಾ ಪಾರ್ಲರಿಗೆ ಹೋಗಿ ಕೂದಲನ್ನು ನೆಟ್ಟಗೆ ಮಾಡಿಸಿಕೊಂಡು ಬಂದಿದ್ದಳು. ಸೊಂಟದ ತನಕ ಇಳಿಬಿದ್ದಿತ್ತು. ಕಟ್ಟಿಕೋ ಎಂದು ಮಲ್ಲಿಕಾ ಮನೆಯಲ್ಲಿ ಹೇಳಿದಳು, ರಿಕ್ಷಾದಲ್ಲಿ ಹೇಳಿದಳು, ಗೇಟಿನ ಮುಂದೆಯೂ ಹೇಳಿದಳು. ಪೂಜಿತಾ ಕೇಳಲಿಲ್ಲ. ಕಾವಲಿಗಿದ್ದ ದಾಂಡಿಗ ಮಲ್ಲಿಕಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಂಗೈಗೆ ಠಸ್ಸೆ ಒತ್ತಿ ಒಳಗೆ ಬಿಟ್ಟ.

ಒಳಗಿನ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಾಗಿತು. ಪೂಜಿತಾ ಮೌಶಿಯ ಮುಖ ನೋಡಿದಳು, ಹೆದರಿರಬಹುದೆಂದು. ಮಲ್ಲಿಕಾಳಿಗೆ ಹೆದರಿಕೆಯಾಗಲಿಲ್ಲ. ಊರಿಗೆ ಹೋದಾಗ ತವರಿನ ಓಣಿಯಲ್ಲಿ ಕಾಲಿಟ್ಟ ಹಾಗಾಯಿತು, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ತಗಡಿನ ರಾಶಿ ಇರುತ್ತಿದ್ದಲ್ಲಿ ಮದ್ಯದ ಬಾರು. ಸೂಪರ್‌ವೈಜರ್ ಕೂರುತ್ತಿದ್ದ ಅಟ್ಟದ ಮೇಲೆ ತಲೆಬಗ್ಗಿಸಿ ಗುಂಡಿ ತಿರುಗಿಸುತ್ತಿದ್ದ ಡೀಜೆ. ಪ್ರೆಸ್ಸುಗಳಿದ್ದ ಉದ್ದನೆಯ ಜಾಗದಲ್ಲಿ ಜನ ಒಬ್ಬರ ಮೈಗೊಬ್ಬರು ತಾಗುವಂತೆ ಕುಣಿಯುತ್ತಿದ್ದರು. ಯಾರೂ ಜೋಡಿಯಾಗಿ ಕುಣಿಯುತ್ತಿರಲಿಲ್ಲ. ಎಲ್ಲರೂ ಮುಂದಕ್ಕೆ ನೋಡಿಕೊಂಡು, ಇದ್ದಲ್ಲೇ ಇದ್ದು, ಒಂದೇ ಕೆಲಸವನ್ನು ಮಾಡಿದಂತೆ ಮಾಡುತ್ತಿದ್ದರು.

ಗೋಡೆಗೆ ಒರಗಿ ನಿಂತು ಸ್ವಲ್ಪ ಹೊತ್ತಾದ ಮೇಲೆ ಮಲ್ಲಿಕಾ ತನ್ನ ಬಲಗಾಲನ್ನು ನೋಡಿಕೊಂಡಳು. ಅದು ತನ್ನಷ್ಟಕ್ಕೆ ನೆಲವನ್ನು ಒತ್ತಿ ಬಿಡುತ್ತಿತ್ತು. ನಿಲ್ಲಿಸಿದಳು. ಮತ್ತೆ ಒತ್ತಿತು.

ಹಾಗೆ ನೋಡುತ್ತಿರುವಾಗಲೇ ಆ ಖಾಲಿ ಜಾಗ ಅವಳ ಕಣ್ಣಿಗೆ ಬಿತ್ತು. ಕಾಲಿಡಲು ಎಡೆಯಿಲ್ಲದ ಆ ಗರ್ದಿಯ ನಡುವೆ ಒಂದು ಮಂಚ ಹಿಡಿಯುವಷ್ಟು ನೆಲ ಬರಿದಾಗಿತ್ತು. ಹಗ್ಗ ಕಟ್ಟಿರಲಿಲ್ಲ, ಗೆರೆ ಎಳೆದಿರಲಿಲ್ಲ. ಕುಣಿಯುತ್ತ ಅದರ ಅಂಚಿಗೆ ಬಂದವರು ಅತ್ತ ನೋಡದೆಯೇ ಪಕ್ಕಕ್ಕೆ ಸರಿಯುತ್ತಿದ್ದರು, ನೀರು ಕಲ್ಲನ್ನು ಬಳಸಿಕೊಂಡು ಹೋದಂತೆ. ಕೈಯಲ್ಲಿ ಗ್ಲಾಸು ಹಿಡಿದು ಆತುರದಲ್ಲಿ ಹೋಗುತ್ತಿದ್ದ ಒಬ್ಬ ಕೂಡ ನೇರ ದಾರಿ ಬಿಟ್ಟು ಸುತ್ತಿ ಹೋದ. ಮಲ್ಲಿಕಾ ಛಾವಣಿಯ ಕೊಕ್ಕೆಯಿಂದ ಅಳತೆ ಹಿಡಿದಳು. ಅನುಮಾನವಿರಲಿಲ್ಲ. ಮೂರನೇ ಪ್ರೆಸ್ಸು ಇದ್ದ ಜಾಗ.

ದಿಶಾಳನ್ನು ಎಳೆದು, ಕಿವಿಯಲ್ಲಿ ಬಾಯಿಟ್ಟು, ಅಲ್ಲಿ ಯಾಕೆ ಯಾರೂ ನಿಲ್ಲುವುದಿಲ್ಲ ಎಂದು ಕೇಳಿದಳು. ದಿಶಾ ಆಗಲೇ ಅದನ್ನು ಮೊದಲು ಗಮನಿಸಿದ್ದು. ಏನಾದರೂ ಚೆಲ್ಲಿರಬೇಕು ಎನ್ನುತ್ತ ನೋಡಲು ಹೋದಳು. ಅಂಚಿನ ತನಕ ಹೋದವಳು ತೋಳು ಉಜ್ಜಿಕೊಳ್ಳುತ್ತ ಹಿಂದೆ ಬಂದು, ಅಲ್ಲಿ ಎಸಿ ಬಹಳ ಜೋರಾಗಿದೆ ಎಂದಳು. ಮೇಲೆ ಎಸಿಯ ಕಿಂಡಿ ಎಲ್ಲೂ ಇರಲಿಲ್ಲ.

ಇನ್ನು ತಡ ಮಾಡುವುದು ಬೇಡ, ಹುಡುಗಿಯನ್ನು ಕರೆದುಕೊಂಡು ಹೊರಟುಬಿಡೋಣ ಎಂದು ಮಲ್ಲಿಕಾ ಪೂಜಿತಾಳನ್ನು ಹುಡುಕಿದಳು. ಹೊಗೆ ದಟ್ಟವಾಗಿತ್ತು. ಕೆಂಪು ಬೆಳಕು ಹೊತ್ತಿ ಆರಿ ಮಾಡುವಾಗ ಒಂದು ಕ್ಷಣ ಕಂಡ ಮುಖ ಮುಂದಿನ ಕ್ಷಣ ಬೇರೆಯವರದಾಗುತ್ತಿತ್ತು. ಕೊನೆಗೆ ಕಂಡಳು. ಪೂಜಿತಾ ಕಣ್ಣು ಮುಚ್ಚಿ, ಕೂದಲು ಚೆದರಿಕೊಂಡು, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಕುಣಿಯುತ್ತಿದ್ದಳು. ಅವಳ ಬೆನ್ನ ಹಿಂದೆಯೇ ಆ ಬರಿ ನೆಲ. ಬೇರೆ ಎಲ್ಲರನ್ನೂ ಪಕ್ಕಕ್ಕೆ ಸರಿಸಿದ ಅದು ಅವಳನ್ನು ಸರಿಸಲಿಲ್ಲ. ಹೊಸ್ತಿಲು ದಾಟಿದಂತೆ ದಾಟಿ ಒಳಗೆ ಹೋದಳು.

ಮಲ್ಲಿಕಾ ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಜನರ ನಡುವೆ ಮೈ ತೂರಿಸಿ ನುಗ್ಗಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಬೆಳಕು ಹೋಯಿತು, ಸಂಗೀತ ನಿಂತಿತು. ಬಡಿತ ಮಾತ್ರ ನಿಲ್ಲಲಿಲ್ಲ.

ಧಡ್. ಧಡ್. ಸಂಗೀತದ ಬಡಿತಕ್ಕಿಂತ ನಿಧಾನ, ಅದಕ್ಕಿಂತ ಭಾರ. ನೆಲದ ಕೆಳಗಿನಿಂದ ಬರುತ್ತಿತ್ತು. ಇದೂ ಆಟದ ಒಂದು ಭಾಗ ಅಂದುಕೊಂಡ ಜನ ಕತ್ತಲೆಯಲ್ಲೇ ಹೋ ಎಂದು ಕೂಗಿ ಅದಕ್ಕೇ ಕುಣಿಯತೊಡಗಿದರು. ಯಾರೋ ಮೊಬೈಲಿನ ಬೆಳಕನ್ನು ಅಟ್ಟದ ಮೇಲೆ ಹಾಯಿಸಿದರು. ಡೀಜೆ ಎರಡೂ ಕೈಗಳನ್ನು ಮೇಲೆತ್ತಿ ನಿಂತಿದ್ದ, ತಾನು ಏನನ್ನೂ ಮುಟ್ಟಿಲ್ಲ ಎಂದು ತೋರಿಸುವವನಂತೆ. ಆ ಎರಡು ಬಡಿತಗಳ ನಡುವಿನ ಬಿಡುವು ಮಲ್ಲಿಕಾಳಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ಓಡುವ ಯಂತ್ರದ ಬಿಡುವಲ್ಲ ಅದು. ಒಂದು ಕೈ ಒಳಗೆ ಹೋಗಿ, ಮುಚ್ಚಳ ತೆಗೆದು, ಹೊರಗೆ ಬರುವಷ್ಟು ಬಿಡುವು. ಯಾರೋ ಕುಳಿತು ಕೆಲಸ ಮಾಡುತ್ತಿದ್ದರು.

ಅವಳು ಮುಂದೆ ಹೋಗಲು ನೋಡಿದಳು. ಎದುರಿನ ಗಾಳಿ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು, ಅದರಲ್ಲಿ ಗ್ರೀಸಿನ ವಾಸನೆ, ಆಗಷ್ಟೇ ಸ್ನಾನ ಮಾಡಿದ ತಲೆಯ ಸೀಗೆಕಾಯಿಯ ವಾಸನೆ. ಮಾನಮ್ಮನ ಹೆಸರು ಬಾಯಿಗೆ ಬಂತು, ಆದರೆ ಕರೆಯಲು ಧೈರ್ಯ ಸಾಲಲಿಲ್ಲ. ಕರೆದರೆ ಓ ಎಂದುಬಿಟ್ಟರೆ ಏನು ಮಾಡುವುದು? ಕೈ ಮುಗಿದು ನಿಂತಳು. ಎಷ್ಟು ಹೊತ್ತು ನಿಂತಳೋ ಅವಳಿಗೆ ಗೊತ್ತಿಲ್ಲ.

ಜನರೇಟರ್ ಶುರುವಾಗಿ ದೀಪ ಹೊತ್ತಿದಾಗ ಬಡಿತ ನಿಂತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಖಾಲಿ ಜಾಗದ ನಡುವೆ ಪೂಜಿತಾ ಕೈ ಇಳಿಬಿಟ್ಟು ನಿಂತಿದ್ದಳು. ಮೈಮೇಲೆ ಒಂದು ಗೀರಿರಲಿಲ್ಲ. ಅವಳ ಕೂದಲನ್ನು ಎಳೆದು, ತಿರುವಿ, ನೆತ್ತಿಯ ಹಿಂದೆ ಗಟ್ಟಿಯಾಗಿ ತುರುಬು ಕಟ್ಟಲಾಗಿತ್ತು. ಹುಬ್ಬು ಮೇಲೇರುವಷ್ಟು ಬಿಗಿ. ಅದನ್ನು ಸುತ್ತಿದ್ದು ಯಂತ್ರ ಒರೆಸುವ ಹಳೆ ಬಟ್ಟೆಯ ಒಂದು ಚಿಂದಿ. ಪ್ರೆಸ್ಸಿನ ಹೆಂಗಸರು ಹಾಗೆಯೇ ಕಟ್ಟಿಕೊಳ್ಳುತ್ತಿದ್ದರು.

ಮಲ್ಲಿಕಾ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಹಿಂದೆ ತಿರುಗಿ ನೋಡಲಿಲ್ಲ. ದಿಶಾಳಿಗೂ ಹೇಳಿ ಬರಲಿಲ್ಲ.

ರಬಾಳೆ ಸ್ಟೇಷನ್ನಿನ ಹೊರಗೆ ಸೈಕಲ್ಲಿನ ಮೇಲೆ ಚಹಾ ಮಾರುವವನೊಬ್ಬನಿದ್ದ. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಚಹಾ ಅರ್ಧ ಕುಡಿದ ಮೇಲೆ ಪೂಜಿತಾ ತಾನೇ ಶುರು ಮಾಡಿದಳು. ಕತ್ತಲಾದಾಗ ಯಾರೋ ಹಿಂದಿನಿಂದ ಬಂದು ಕೂದಲು ಹಿಡಿದರಂತೆ. ಮೌಶಿಯೇ ಇರಬೇಕು, ಸಂಜೆಯಿಂದ ಕಟ್ಟಿಕೋ ಕಟ್ಟಿಕೋ ಎನ್ನುತ್ತಿದ್ದಳಲ್ಲ, ಈಗ ಸಿಟ್ಟಿನಿಂದ ಕಟ್ಟುತ್ತಿದ್ದಾಳೆ ಎಂದುಕೊಂಡಳಂತೆ. ಬೆರಳು ತಣ್ಣಗಿದ್ದವು. ಕಟ್ಟುತ್ತ ಕಟ್ಟುತ್ತ ಕಿವಿಯ ಹತ್ತಿರ ಬಂದು ಕನ್ನಡದಲ್ಲಿ ಒಂದು ಮಾತು ಕೇಳಿದರಂತೆ. ಧ್ವನಿ ಮೌಶಿಯದಾಗಿರಲಿಲ್ಲ.

“ಏನಂತ ಕೇಳಿದ್ಲು?”

“‘ಯಾರ ಮಗಳವಾ ನೀ?’ ಅಂತ.”

ಪೂಜಿತಾ ಆ ಮಾತನ್ನು ಕೇಳಿದ ಹಾಗೆಯೇ, ರಾಯಚೂರಿನ ಎಳೆತದಲ್ಲೇ ಹೇಳಿದಳು. ಮಲ್ಲಿಕಾ ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟಳು.

“ನೀ ಏನ್ ಹೇಳಿದಿ?”

“ಮಲ್ಲಿಕಾನ ಮಗಳು ಅಂದೆ.” ಅವಳು ಅದನ್ನೂ ಕನ್ನಡದಲ್ಲೇ ಹೇಳಿದಳು. ಯಾಕೆ ಹಾಗಂದೆನೋ ಗೊತ್ತಿಲ್ಲ, ಬಾಯಿಗೆ ಬಂದದ್ದು ಅದೇ, ಎಂದು ಆಮೇಲೆ ಹಿಂದಿಯಲ್ಲಿ ಸೇರಿಸಿದಳು. ಆ ಉತ್ತರ ಕೇಳಿದ ಮೇಲೆ ಬೆರಳುಗಳು ಒಂದು ಗಳಿಗೆ ಸುಮ್ಮನಾದವಂತೆ. ಆಮೇಲೆ ಗಂಟು ಹಾಕಿ, ತಲೆ ಮೇಲೆ ಅಂಗೈ ಇಟ್ಟು, ತೆಗೆದುಬಿಟ್ಟರಂತೆ.

ಮಲ್ಲಿಕಾ ಅಲ್ಲಿಯೇ ಎಲ್ಲವನ್ನೂ ಹೇಳಿದಳು. ಜ್ವರ ಬಂದಿರಲಿಲ್ಲ, ಇದೇ ಕಂಪನಿ, ಅದೇ ಜಾಗ ಎಂದಳು. ಕೂದಲಿನ ವಿಷಯ ಬಂದಾಗ ನಡುವೆ ಎರಡು ಸಲ ನಿಲ್ಲಿಸಿದಳು. ಪೂಜಿತಾ ಅಳಲಿಲ್ಲ. ತುರುಬನ್ನು ಒಂದು ಸಲ ಮುಟ್ಟಿ ನೋಡಿಕೊಂಡಳು, ಬಿಚ್ಚಲಿಲ್ಲ. ಲೋಕಲ್ ರೈಲು ಬರುವ ಹೊತ್ತಿಗೆ ಒಂದೇ ಮಾತು ಕೇಳಿದಳು, ತಾನು ಹಾಗೆ ಹೇಳಿದ್ದಕ್ಕೆ ಅವ್ವನಿಗೆ ಬೇಸರ ಆಗಿರಬಹುದೇ ಎಂದು.

“ಬ್ಯಾಸರ ಆಗಿದ್ರ ಗಂಟ ಪೂರಾ ಕಟ್ಟತಿದ್ದಿಲ್ಲ,” ಎಂದಳು ಮಲ್ಲಿಕಾ. ಹೇಳುವಾಗ ಅವಳಿಗೂ ಅದು ನಿಜವೋ ಅಲ್ಲವೋ ತಿಳಿದಿರಲಿಲ್ಲ.

ಸಿಟ್ಟು ಬಂದದ್ದು ಮರುದಿನ. ಇಷ್ಟು ವರ್ಷ ಸುಳ್ಳು ಹೇಳಿ ಸಾಕಿದಿರಿ ಎಂದು ಮರಾಠಿಯಲ್ಲಿ ಕೂಗಾಡಿ ಪೂಜಿತಾ ಬ್ಯಾಗು ತುಂಬಿಕೊಂಡು ದಿಶಾಳ ಮನೆಗೆ ಹೋದಳು. ಫೋನು ಎತ್ತಲಿಲ್ಲ. ಮಾಪಣ್ಣನಿಗೆ ಎಲ್ಲ ತಿಳಿದು, ಟಿಟ್ವಾಳಾ ಕಡೆ ಇಂಥದನ್ನು ಕಟ್ಟಿಹಾಕುವವನೊಬ್ಬನಿದ್ದಾನೆ, ಕರೆಸೋಣ ಎಂದ. ಅದನ್ನು ಕಟ್ಟಿಹಾಕುವ ಮಾತನ್ನು ಇನ್ನೊಮ್ಮೆ ಆಡಬೇಡ ಎಂದು ಮಲ್ಲಿಕಾ ಹೇಳಿದ ರೀತಿಗೆ ಅವನು ಆ ವಿಚಾರವನ್ನೇ ಕೈಬಿಟ್ಟ. ಅವಳೇ ಒಂದು ಮಧ್ಯಾಹ್ನ ಕ್ಲಬ್ಬಿನ ಮುಚ್ಚಿದ ಗೇಟಿನ ತನಕ ಹೋಗಿ, ಎಡೆಯ ಬುತ್ತಿಯನ್ನು ಗೋಡೆಯ ಬುಡದಲ್ಲಿಟ್ಟು ಬಂದಳು.

ದಿಶಾ ಆಮೇಲೆ ಹೇಳಿದ್ದು ಇಷ್ಟು. ಕರೆಂಟು ಹೋದಾಗ ನಡೆದ ಆ ಬಡಿತದ ಸುದ್ದಿ ಹರಡಿ, ಅದನ್ನು ಕೇಳಲೆಂದೇ ಜನ ಬರುತ್ತಿದ್ದಾರೆ. ಕ್ಲಬ್ಬಿನವರಿಗೆ ಅದನ್ನು ಮತ್ತೆ ಬಾರಿಸಲು ಬರುತ್ತಿಲ್ಲ. ಪೂಜಿತಾ ಯಾರಿಗೂ ಹೇಳದೆ ಇನ್ನೊಂದು ಶನಿವಾರ ಒಬ್ಬಳೇ ಹೋಗಿದ್ದಳು. ನೆಲದ ಮೇಲೆ ಎಲ್ಲೂ ಖಾಲಿ ಜಾಗವಿರಲಿಲ್ಲ. ಮೂರನೇ ಪ್ರೆಸ್ಸಿನ ಜಾಗದಲ್ಲೂ ಜನ ತುಂಬಿ ಕುಣಿಯುತ್ತಿದ್ದರು. ಅವಳು ಅಲ್ಲಿ ಬೆಳಗಾಗುವವರೆಗೆ ನಿಂತು ಬಂದಳಂತೆ.

ಒಂದು ಸಂಜೆ ಪೂಜಿತಾ ಮನೆಗೆ ಬಂದಳು. ಚಪ್ಪಲಿ ಬಿಟ್ಟು, ಬ್ಯಾಗು ಮೂಲೆಗಿಟ್ಟು, ಏನೂ ಆಗಿಲ್ಲವೆಂಬಂತೆ ಅಡುಗೆ ಕಟ್ಟೆಯ ಹತ್ತಿರ ಬಂದು ನಿಂತಳು. ಮಲ್ಲಿಕಾ ಅವಳಿಗೂ ಒಂದು ತಟ್ಟೆ ಇಟ್ಟಳು. ಊಟವಾದ ಮೇಲೆ ಹುಡುಗಿ ತೊದಲು ಕನ್ನಡದಲ್ಲಿ, “ಅಕಿ ಹೆಂಗ ಕುಣೀತಿದ್ಲು, ಮೌಶಿ?” ಎಂದು ಕೇಳಿದಳು.

ಮಲ್ಲಿಕಾ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. ಕೈ ಹೀಗೆ ಎಂದು ತೋರಿಸಿದಳು, ಆಮೇಲೆ ನಾಚಿಕೆ ಬಂದು ಮರೆತೆ ಎಂದಳು. ಮಾರ್ಕೆಟ್ಟಿಗೆ ಹೊರಡಲು ಇನ್ನೂ ಹೊತ್ತಿದ್ದರಿಂದ ಮಲಗಿದ್ದ ಮಾಪಣ್ಣ, ಹಾಗಲ್ಲ ಅದು, ಎನ್ನುತ್ತ ಮಂಚದಿಂದಿಳಿದ. ಇಷ್ಟು ವರ್ಷದಲ್ಲಿ ಅವನು ಕುಣಿದದ್ದನ್ನು ಮಲ್ಲಿಕಾ ನೋಡಿದ್ದೇ ಇಲ್ಲ. ಮೂಟೆ ಹೊತ್ತು ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿ, ಎಡಗಾಲು ಮುಂದಿಟ್ಟು, ಮೊದಲು ಹಿಂಗ, ಎಂದ. ಪೂಜಿತಾ ಪಕ್ಕದಲ್ಲಿ ನಿಂತು ಎಡಗಾಲು ಇಟ್ಟಳು. ಆಮೇಲೆ ಬಲ ಮೊಣಕಾಲು ಮಡಿಸಿ, ಅರ್ಧ ಸುತ್ತು ತಿರುಗಿ, ತೋಳನ್ನು ತಲೆಯ ಮೇಲಿಂದ ಬೀಸಿ, ನಿಂತ ಜಾಗಕ್ಕೇ ಬಂದು ಇಳಿದಳು.

ಮಾಪಣ್ಣ ಮಂಚದ ಮೇಲೆ ಕುಳಿತುಬಿಟ್ಟ. ಎಡಗಾಲಿಟ್ಟ ಮೇಲಿನ ಮಾನಮ್ಮನ ಹೆಜ್ಜೆಗಳನ್ನು ಅವನು ಇನ್ನೂ ತೋರಿಸಿಯೇ ಇರಲಿಲ್ಲ.